ಪಡುವಣ ದಾರಿಯ ಕಾಗದಪತ್ರ

ಬೆಳಗಾವಿಯ ಕೋಟೆಯ ಖಂದಕವನ್ನು ಬಳಸಿಕೊಂಡು ಕ್ಯಾಂಪಿನ ಕಡೆಗೆ ತಿರುಗಿದರೆ ಊರಿನ ಚಹರೆ ತಟ್ಟನೆ ಬದಲಾಗುತ್ತದೆ. ಒಂದಕ್ಕೊಂದು ಒತ್ತಿಕೊಂಡ ಗಲ್ಲಿಗಳು ಹಿಂದೆ ಉಳಿದು ಅಗಲವಾದ ರಸ್ತೆ, ಹೆಮ್ಮರಗಳ ಸಾಲು, ದೊಡ್ಡ ಆವರಣದ ನಡುವೆ ಕೂತ ಹೆಂಚಿನ ಬಂಗಲೆಗಳು ಎದುರಾಗುತ್ತವೆ. 1818ರಲ್ಲಿ ಥಾಮಸ್ ಮನ್ರೋ ಈ ಕೋಟೆಯನ್ನು ಪೇಶ್ವೆಯ ಕಡೆಯವರಿಂದ ಗೆದ್ದುಕೊಂಡ. 1830ರ ದಶಕದಲ್ಲಿ ದಂಡು ಇಲ್ಲಿ ಕಾಯಮ್ಮಾಗಿ ಬೀಡುಬಿಟ್ಟಿತು. 1836ರಲ್ಲಿ ಧಾರವಾಡದಿಂದ ಬೇರ್ಪಡಿಸಿ ಬೆಳಗಾವಿಯನ್ನು ಪ್ರತ್ಯೇಕ ಜಿಲ್ಲೆ ಮಾಡಿದರು. ದಂಡು, ಕಚೇರಿ, ಖಜಾನೆ ಮೂರೂ ಒಂದೆಡೆ ನೆಲೆಯೂರಿದ ಮೇಲೆ ಆಡಳಿತದ ಕಣ್ಣು ಪಡುವಣದ ಕಾಡಿನತ್ತ ಹೊರಳಿತು. ಟಿಳಕವಾಡಿಯ ರೈಲ್ವೆ ಗೇಟುಗಳನ್ನು ದಾಟಿ ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ, ಲೋಂಡಾ ಎಂದು ಸಾಗುವ ಹಳಿ ಆ ನೋಟ ಹರಿದ ದಾರಿಯನ್ನೇ ಹಿಡಿದು ಹೋಗಿದೆ. ಅಮೆರಿಕದ ಹತ್ತೊಂಬತ್ತನೇ ಶತಮಾನದ ಇತಿಹಾಸವನ್ನು ಓದಿದವರಿಗೆ ಈ ಐವತ್ತು ಚಿಲ್ಲರೆ ಕಿಲೋಮೀಟರುಗಳಲ್ಲಿ ಅನೇಕ ಸಂಗತಿಗಳು ಗುರುತು ಹತ್ತುತ್ತವೆ. ಅಲ್ಲಿಯೂ ದಂಡು ಮೊದಲು, ಸರ್ವೆಯವರು ಆಮೇಲೆ, ರೈಲು ಅದರ ಹಿಂದೆ. ಅಲ್ಲಿಯ ಕಥೆಯನ್ನು ಖಾಲಿ ಬಿದ್ದಿದ್ದ ನೆಲಕ್ಕೆ ಧೀರರು ನುಗ್ಗಿದ ಕಥೆಯಾಗಿ ಬಹುಕಾಲ ಹೇಳಿಕೊಂಡು ಬಂದರು. ಬೆಳಗಾವಿಯಿಂದ ಪಡುವಣಕ್ಕೆ ಹೋಗುತ್ತ ಹೋಗುತ್ತ ನನಗೆ ಖಚಿತವಾಗುವ ಮಾತು ಬೇರೆ: ಆ ನೆಲ ಎಲ್ಲಿಯೂ ಖಾಲಿ ಇರಲಿಲ್ಲ. ಅದನ್ನು ಕಚೇರಿಯಲ್ಲಿ ಕೂತು, ಕಾಗದದ ಮೇಲೆ ಖಾಲಿ ಮಾಡಿದರು. ಜನ ನುಗ್ಗಿದ್ದು ಆಮೇಲೆ.

ಅಮೆರಿಕದ ಪಶ್ಚಿಮ ವಿಸ್ತರಣೆಗೆ ಪಠ್ಯಪುಸ್ತಕಗಳು ಕೊಡುವ ಕಾರಣಗಳು ಎಲ್ಲರಿಗೂ ಗೊತ್ತು. 1803ರಲ್ಲಿ ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಲೂಸಿಯಾನಾ ಪ್ರದೇಶವನ್ನು ಕೊಂಡದ್ದು, ಪೂರ್ವ ಕರಾವಳಿಯಲ್ಲಿ ಜನ ಹೆಚ್ಚಿದ್ದು, 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು, ಖಂಡವನ್ನೆಲ್ಲ ಆಳುವುದು ತಮಗೆ ದೈವವೇ ಬರೆದಿಟ್ಟ ಪಾಲು ಎಂದು 1845ರ ಹೊತ್ತಿಗೆ ಪತ್ರಿಕೆಗಳು ಬರೆಯತೊಡಗಿದ್ದು. ಇವೆಲ್ಲ ನಿಜ. ಆದರೆ ಕೊಂಡದ್ದು ಏನನ್ನು? ಫ್ರಾನ್ಸ್ ಮಾರಿದ ನೆಲದ ಬಹುಪಾಲಿನ ಮೇಲೆ ಫ್ರೆಂಚರ ಹಿಡಿತವೇ ಇರಲಿಲ್ಲ. ಅಲ್ಲಿ ಇದ್ದವರು ಒಸೇಜ್, ಮಂಡನ್, ಲಕೋಟಾ ಮುಂತಾದ ಜನಾಂಗಗಳು. ಪ್ಯಾರಿಸಿನಲ್ಲಿ ಸಹಿಯಾದ ಆ ಕಾಗದದಿಂದ ಅಮೆರಿಕಕ್ಕೆ ದಕ್ಕಿದ್ದು, ಆ ಜನಗಳಿಂದ ನೆಲ ಪಡೆಯುವ ಹಕ್ಕು ಉಳಿದ ಯುರೋಪಿನವರಿಗೆ ಇಲ್ಲ, ತನಗೆ ಮಾತ್ರ ಇದೆ ಎಂಬ ಪಟ್ಟ. ಆಮೇಲೆ ಒಪ್ಪಂದ, ಸಾಲ, ಯುದ್ಧ, ಕಾನೂನು ಎಂದು ಒಂದೊಂದಾಗಿ ಬಂದವು. ವಲಸೆಗಾರರ ಗಾಡಿಗಳು ಸಾಲುಗಟ್ಟಿ ಹೊರಡುವ ಹೊತ್ತಿಗೆ ಕೆಲಸದ ಬಹುಪಾಲು ಆಗಿಹೋಗಿತ್ತು, ಇಲ್ಲವೇ ಆಗುತ್ತಿತ್ತು.

ಇದನ್ನು ಕಿತ್ತೂರಿನ ಪಕ್ಕದಲ್ಲಿಟ್ಟು ನೋಡಬೇಕು. 1818ರಲ್ಲಿ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಸಂಸ್ಥಾನ ಇಂಗ್ಲಿಷರ ಕಡೆ ನಿಂತಿತ್ತು. ಅದರ ಪ್ರತಿಫಲವಾಗಿ ಕಪ್ಪ ಕೊಟ್ಟುಕೊಂಡು ರಾಜ್ಯ ಉಳಿಸಿಕೊಳ್ಳುವ ಸನ್ನದು ಸಿಕ್ಕಿತು. ಆರು ವರ್ಷ ಕಳೆದ ಮೇಲೆ, 1824ರ ಸೆಪ್ಟೆಂಬರಿನಲ್ಲಿ, ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತು ಸ್ವೀಕಾರ ಒಪ್ಪಿಗೆಯಿಲ್ಲ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಲು ಬಂದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಕಣ್ಣುಮುಚ್ಚಿದಳು. ಡಾಲ್‌ಹೌಸಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿ ಅವನು ಬರುವುದಕ್ಕೆ ಎರಡು ದಶಕ ಮೊದಲೇ ಇಲ್ಲಿ ಪ್ರಯೋಗವಾಗಿತ್ತು. ಈಗ ಅಮೆರಿಕದ ಕಡೆ ನೋಡಿ. 1814ರಲ್ಲಿ ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಕ್ರೀಕ್ ಜನರ ಒಂದು ಪಂಗಡವನ್ನು ಸೋಲಿಸಲು ಸೇನಾನಿ ಆ್ಯಂಡ್ರೂ ಜಾಕ್ಸನ್ನನಿಗೆ ನೆರವಾದವರು ಚೆರೋಕಿ ಯೋಧರು. ಅದೇ ಜಾಕ್ಸನ್ ಅಧ್ಯಕ್ಷನಾಗಿ 1830ರ ಮೇ ತಿಂಗಳಲ್ಲಿ ಇಂಡಿಯನ್ನರ ಸ್ಥಳಾಂತರ ಕಾಯ್ದೆಗೆ ಸಹಿ ಹಾಕಿದ. ಚೆರೋಕಿಗಳು ಬಂದೂಕು ಹಿಡಿಯದೆ ಸುಪ್ರೀಂ ಕೋರ್ಟಿಗೆ ಹೋದರು, 1832ರಲ್ಲಿ ತೀರ್ಪು ತಮ್ಮ ಕಡೆ ಬರುವಂತೆಯೂ ಮಾಡಿದರು. ಆದರೂ 1838–39ರ ಚಳಿಯಲ್ಲಿ ಅವರನ್ನು ಮಿಸಿಸಿಪಿಯ ಆಚೆಗೆ ನಡೆಸಿದರು. ಆ ದಾರಿಯಲ್ಲಿ ಸತ್ತವರು ಸುಮಾರು 4,000 ಎಂದು ಅಂದಾಜು. ಕಿತ್ತೂರು ಕತ್ತಿ ಹಿಡಿಯಿತು, ಚೆರೋಕಿಗಳು ಕೋರ್ಟು ಹಿಡಿದರು, ಇಬ್ಬರೂ ಸೋತರು. ಎದುರು ನಿಂತದ್ದರಿಂದಲೇ ಅವರು ನೆಲ ಕಳೆದುಕೊಂಡರು ಎಂಬ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ಇಬ್ಬರೂ ಒಂದು ಕಾಲಕ್ಕೆ ಗೆದ್ದವರ ಮಿತ್ರರಾಗಿದ್ದರು.

ಖಾನಾಪುರದಿಂದ ಹತ್ತಿರದಲ್ಲೇ ಇರುವ ನಂದಗಡಕ್ಕೆ ಹೋದವರು ಅಲ್ಲಿಯ ಆಲದ ಮರವನ್ನು ನೋಡದೆ ಬರುವುದಿಲ್ಲ. ಕಿತ್ತೂರಿಗಾಗಿ ಮತ್ತೆ ಕತ್ತಿ ಎತ್ತಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು ಇದು. ಅಮೆರಿಕದ ಸ್ಥಳಾಂತರ ಕಾಯ್ದೆಗೆ ಆಗ ಎಂಟು ತಿಂಗಳು. ಸಮಾಧಿಯ ಮೇಲಿನ ಆಲದ ಮರವನ್ನು ಅವನ ಜೊತೆಗಾರನೊಬ್ಬ ನೆಟ್ಟದ್ದು ಎನ್ನುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದರ ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನ ನೆನಪು ನಮ್ಮಲ್ಲಿ ಕತ್ತಿ, ಕುದುರೆ, ಮೋಸದ ಸೆರೆ ಇವುಗಳ ಸುತ್ತ ಕಟ್ಟಿಕೊಂಡಿದೆ. ಅದು ಸಹಜವೂ ಹೌದು. ಆದರೆ ಅವನು ಶೇತಸನದಿಯ ಮನೆತನದವನು ಎಂಬ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಶೇತಸನದಿ ಎಂದರೆ ಸೇವೆಗೆ ಬದಲಾಗಿ ನೆಲ ಅನುಭವಿಸುವವನು. ದೇಸಾಯಿಯ ಕರೆ ಬಂದರೆ ಹೋಗಬೇಕು, ಉಳಿದ ದಿನ ಆ ಹೊಲ ಅವನದು. ಸಂಸ್ಥಾನ ಹೋದಮೇಲೆ ಸೇವೆ ಹೋಯಿತು. ಸೇವೆ ಹೋದಮೇಲೆ ನೆಲ ಏಕೆ ಎಂಬ ಪ್ರಶ್ನೆಯನ್ನು ಹೊಸ ಸರಕಾರ ಎತ್ತಿತು. ಜಮೀನು ಮುಟ್ಟುಗೋಲು ಹಾಕಿದರು, ಉಳಿದದ್ದಕ್ಕೆ ತೆರಿಗೆ ಏರಿಸಿದರು. ರಾಯಣ್ಣನ ಪಡೆ ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ ಬೆಂಕಿಯಿಟ್ಟದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತಮ್ಮ ಹೊಲದ ಲೆಕ್ಕವನ್ನು ಬದಲಿಸಿ ಬರೆದ ಜಾಗ ಯಾವುದೆಂದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಮುಂದೆ 1852ರ ಇನಾಂ ಕಾಯ್ದೆ ಇದೇ ಕೆಲಸವನ್ನು ಇನ್ನೂ ವಿಶಾಲವಾಗಿ ಮಾಡಿತು. ಹಳೆಯ ಸನ್ನದು ತೋರಿಸಿ, ಇಲ್ಲವೇ ಬಿಡಿ. 1858ರಲ್ಲಿ ನರಗುಂದದ ಬಾಬಾಸಾಹೇಬ ಎದ್ದುನಿಂತದ್ದಕ್ಕೂ ದತ್ತು ನಿರಾಕರಣೆಯೇ ಮುಖ್ಯ ಕಾರಣ. ಅವನನ್ನು ಗಲ್ಲಿಗೇರಿಸಿದ್ದು ಬೆಳಗಾವಿಯಲ್ಲಿ.

ಕಾಡಿನ ಕಡೆ ಹೊರಳುವ ಮೊದಲು ಹಲಸಿಯಲ್ಲಿ ನಿಲ್ಲಲೇಬೇಕು. ಖಾನಾಪುರ ತಾಲ್ಲೂಕಿನ ಈ ಹಳ್ಳಿ ಬನವಾಸಿಯ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ಎರಡನೇ ರಾಜಧಾನಿ. ಇಲ್ಲಿ ಸಿಕ್ಕ ತಾಮ್ರಪಟಗಳು ಐದು–ಆರನೇ ಶತಮಾನದವು. ಆಮೇಲೆ ಗೋವೆಯ ಕದಂಬರ ಕಾಲಕ್ಕೆ ಸೇರಿದ ಭೂವರಾಹ ನರಸಿಂಹ ದೇವಾಲಯದ ಒಳಗೆ ಎರಡು ಗರ್ಭಗುಡಿಗಳು ಒಂದಕ್ಕೊಂದು ಮುಖಮಾಡಿ ನಿಂತಿವೆ. ಒಂದರಲ್ಲಿ ವಿಷ್ಣು, ಎದುರಿನದರಲ್ಲಿ ಭೂದೇವಿಯನ್ನು ಎತ್ತಿಹಿಡಿದ ವರಾಹ. ನಡುವಿನ ಮಂಟಪದ ಕಂಬಗಳು ಕೈ ಸೋಕಿ ಸೋಕಿ ನುಣುಪಾಗಿವೆ. ಅಲ್ಲಿಂದ ದೇಗಾಂವಿಗೆ ಹೋದರೆ ಹನ್ನೆರಡನೇ ಶತಮಾನದಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಾಲಯ. ಹಾಗೆ ನೋಡಿದರೆ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಮೊದಲ ಹರಿವಿನ ಆಸುಪಾಸು ಒಂದೂವರೆ ಸಾವಿರ ವರ್ಷಗಳಿಂದ ಊರು, ಕೆರೆ, ಗುಡಿ, ದಾನ, ವ್ಯಾಜ್ಯ ಎಲ್ಲವೂ ಇದ್ದ ಪ್ರದೇಶ. ಇದನ್ನು ಮನುಷ್ಯರ ಸೋಂಕಿಲ್ಲದ ಅಡವಿ ಎಂದು ಕರೆಯಲು ಬೇಕಾದದ್ದು ಅಜ್ಞಾನ ಇಲ್ಲವೇ ಅವಸರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹುರುಳಿಲ್ಲದ್ದೇನೂ ಅಲ್ಲ. ಕದಂಬರೂ ಬಂದವರೇ ಅಲ್ಲವೇ? ತಾಮ್ರಪಟದ ದಾನವೆಂದರೆ ಯಾರೋ ಬಳಸುತ್ತಿದ್ದ ನೆಲವನ್ನು ಇನ್ನಾರಿಗೋ ಬರೆದುಕೊಟ್ಟ ಕಾಗದವೇ ಅಲ್ಲವೇ? ಹೌದು. ಆ ಕಾಲದ ಕಾಡಿನವರ ಮಾತನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಆ ರಾಜರನ್ನು ನಿರ್ದೋಷಿಗಳೆಂದು ತೋರಿಸುವುದು ನನ್ನ ಉದ್ದೇಶವೂ ಅಲ್ಲ. ವ್ಯತ್ಯಾಸ ಇರುವುದು ಹಕ್ಕುಗಳನ್ನು ಬಗೆಯುವ ರೀತಿಯಲ್ಲಿ. ಹಳೆಯ ವ್ಯವಸ್ಥೆಯಲ್ಲಿ ಒಂದೇ ತುಂಡು ನೆಲದ ಮೇಲೆ ರಾಜನಿಗೆ ಕಂದಾಯ, ಗುಡಿಗೆ ಪಾಲು, ಊರಿಗೆ ಸೊಪ್ಪು, ದನಗಾಹಿಗೆ ಮೇವು ಎಂದು ಹಲವರ ಹಕ್ಕು ಒಂದರ ಮೇಲೊಂದು ಕೂತಿರುತ್ತಿತ್ತು. ಅನ್ಯಾಯ ಇರಲಿಲ್ಲವೆಂದಲ್ಲ, ಆದರೆ ಒಬ್ಬನ ಹಕ್ಕು ಬರೆದ ಮಾತ್ರಕ್ಕೆ ಉಳಿದವರದು ಅಳಿಯುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಸರ್ವೆ ಒಂದು ನೆಲಕ್ಕೆ ಒಂದು ನಂಬರು, ಒಂದು ನಂಬರಿಗೆ ಒಬ್ಬ ಖಾತೆದಾರ ಎಂದು ಗೆರೆ ಎಳೆಯಿತು. ಖಾತೆದಾರನಿಲ್ಲದ ನೆಲ ಸರಕಾರದ್ದಾಯಿತು. ಉತಾರದಲ್ಲಿ ಹೆಸರಿಲ್ಲದವನು ಅಂದಿನಿಂದ ಅಲ್ಲಿ ಇಲ್ಲದವನಾದ. ಅಮೆರಿಕದಲ್ಲಿ ಇದೇ ಸೂತ್ರ 1887ರ ಡಾಸ್ ಕಾಯ್ದೆಯಾಗಿ ಬಂತು: ಬುಡಕಟ್ಟಿನ ಸಾಮೂಹಿಕ ನೆಲವನ್ನು ಕುಟುಂಬಕ್ಕಿಷ್ಟು ಎಂದು ಹಂಚಿ, ಮಿಕ್ಕದ್ದನ್ನು ಹೊರಗಿನವರಿಗೆ ತೆರೆದರು. ಆಗ ಅವರ ಕೈಯಲ್ಲಿದ್ದದ್ದು ಸುಮಾರು 13.8 ಕೋಟಿ ಎಕರೆ. 1934ರ ಹೊತ್ತಿಗೆ ಉಳಿದದ್ದು ಸುಮಾರು 4.8 ಕೋಟಿ.

ಎರಡು ಖಂಡಗಳ ಈ ಕಥೆಗಳು ದೂರದಿಂದ ಮಾತ್ರ ಹೋಲುವಂಥವು ಎಂದು ತಿಳಿಯಬಾರದು. ಹತ್ತಿಯ ಮೂಲಕ ಅವು ನೇರವಾಗಿ ಮುಟ್ಟಿಕೊಂಡಿವೆ. 1830ರ ಒಪ್ಪಂದದಲ್ಲಿ ಚೊಕ್ಟಾ ಜನರಿಂದ ಬಿಡಿಸಿಕೊಂಡ ಮಿಸಿಸಿಪಿಯ ನೆಲದಲ್ಲಿ ಗುಲಾಮರ ದುಡಿಮೆಯಿಂದ ಹತ್ತಿಯ ತೋಟಗಳು ಎದ್ದವು. ಪಶ್ಚಿಮಕ್ಕೆ ಹರಿಯುವ ಆತುರದ ದೊಡ್ಡ ಪಾಲು ಹತ್ತಿಯದು, ಲ್ಯಾಂಕಾಶೈರಿನ ಗಿರಣಿಗಳದು. ಆ ಗಿರಣಿಗಳು ಅಮೆರಿಕವೊಂದನ್ನೇ ನೆಚ್ಚಿ ಕೂರಲು ಅಂಜಿದ್ದರಿಂದ ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಮೆರಿಕದ ದಕ್ಷಿಣದ ಹತ್ತಿ ಬೆಳೆಗಾರರನ್ನೇ ಸಂಬಳಕ್ಕೆ ಕರೆಸಿತು. ನ್ಯೂ ಓರ್ಲಿಯನ್ಸಿನ ಬೀಜ ಹಲವು ಕಡೆ ಸೋತು, ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೇರೂರಿತು. ‘ಧಾರವಾಡ ಅಮೆರಿಕನ್’ ಎಂದೇ ಅದು ಪೇಟೆಯಲ್ಲಿ ಹೆಸರಾಯಿತು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿಯ ಹತ್ತಿಗೆ ಕಂಡುಕೇಳರಿಯದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ನಂಬಿ ಸಾಲ ಮಾಡಿದ ರೈತ ನೆಲಕ್ಕೊರಗಿದ. ಹತ್ತು ವರ್ಷಗಳ ನಂತರ, 1876–78ರ ಭೀಕರ ಬರದಲ್ಲಿ, ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಯ ಜನ ಕಾಳಿಲ್ಲದೆ ಸತ್ತರು. ಹತ್ತಿಯನ್ನು ಬಂದರಿಗೆ ಒಯ್ಯಬೇಕು, ಬರ ಬಂದಾಗ ಧಾನ್ಯವನ್ನು ಒಳನಾಡಿಗೆ ತರಬೇಕು: ಈ ಎರಡು ಕಾರಣಗಳನ್ನು ಒಟ್ಟಿಗೆ ಹೊತ್ತು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು.

ಅದರ ಹಳಿಯೇ ಖಾನಾಪುರವನ್ನು ಹಾದು ಲೋಂಡಾ ಮುಟ್ಟುತ್ತದೆ. ಲೋಂಡಾದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಧಾರವಾಡಕ್ಕೆ, ಇನ್ನೊಂದು ತಿನೈಘಾಟ್, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಮೊರ್ಮುಗಾವ್ ಬಂದರಿಗೆ. ಕ್ಯಾಸಲ್‌ರಾಕಿನ ಆಚೆ ಪೋರ್ಚುಗೀಸರ ಸೀಮೆ. ಹಾಗಾಗಿ ಈ ಹಳಿಗೆ ಇಬ್ಬರು ದೊರೆಗಳ ಒಪ್ಪಿಗೆ ಬೇಕಿತ್ತು. 1878ರ ಡಿಸೆಂಬರಿನಲ್ಲಿ ಬ್ರಿಟನ್ನು ಪೋರ್ಚುಗಲ್ಲುಗಳ ನಡುವೆ ಆದ ಒಪ್ಪಂದದಲ್ಲಿ ಬಂದರು, ರೈಲು, ಸುಂಕದ ಮಾತಿನ ಜೊತೆಗೆ ಗೋವೆಯ ಉಪ್ಪನ್ನೂ ಸೇರಿಸಿದರು. ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟು ಗೋವೆಯ ಉಪ್ಪಿನ ಮೇಲಿನ ಹಿಡಿತವನ್ನು ಬ್ರಿಟಿಷರು ಪಡೆದರು. ಘಟ್ಟದ ಮೇಲಿನ ಹಳ್ಳಿಗಳಿಗೆ ತಲೆತಲಾಂತರದಿಂದ ಎತ್ತಿನ ಬೆನ್ನ ಮೇಲೆ ಹೇರಿಕೊಂಡು ಬರುತ್ತಿದ್ದ ಉಪ್ಪಿಗೆ ಅಡ್ಡಗಟ್ಟೆ ಬಿತ್ತು. ದುಡ್ಡಿರುವವರ ಸರಕಿಗೆ ದಾರಿ ತೆರೆದ ಒಪ್ಪಂದವೇ ಬಡವರ ಸರಕಿಗೆ ದಾರಿ ಮುಚ್ಚಿತು. 1880ರ ದಶಕದ ಕೊನೆಗೆ ರೈಲು ಓಡತೊಡಗಿತು. ಇಂದು ಗುಂಜಿಯಿಂದ ಮುಂದೆ ಕಿಟಕಿಯಾಚೆ ನೋಡಿದರೆ ಕಾಡು ಹಳಿಯ ಅಂಚಿನವರೆಗೂ ಬಂದು ನಿಂತಿರುತ್ತದೆ. ಮಳೆಗಾಲದಲ್ಲಿ ಕಲ್ಲಿನ ಕಟ್ಟೆಗಳ ಮೇಲೆ ಪಾಚಿ ದಪ್ಪಗೆ ಕಟ್ಟಿ, ಒಸರುವ ನೀರು ಹಳಿಯ ಪಕ್ಕದ ಕಾಲುವೆಯಲ್ಲಿ ಕೆಂಪಗೆ ಹರಿಯುತ್ತದೆ. ಆದರೆ ಆ ಕಾಲದ ಒಂದೊಂದು ಮೈಲಿ ಹಳಿಗೂ ಹತ್ತಿರಹತ್ತಿರ 2,000 ಮರದ ಸ್ಲೀಪರುಗಳು ಬೇಕಿದ್ದವು, ಅವು ಕೆಲವು ವರ್ಷಕ್ಕೆ ಕೊಳೆತು ಮತ್ತೆ ಬೇಕಾಗುತ್ತಿದ್ದವು. ಕಾಡಿನ ಮೂಲಕ ಹಾದ ಹಳಿ ಕಾಡನ್ನು ಪೇಟೆಯ ಹತ್ತಿರಕ್ಕೆ ಎಳೆಯಿತು. ಸಾಗುವಾನಿ, ಮತ್ತಿ, ಹೊನ್ನೆ ಎಲ್ಲಕ್ಕೂ ಗಿರಾಕಿ ಸಿಕ್ಕ. ಬೆಲೆ ಬಂದಮೇಲೆ ಒಡೆತನದ ಪ್ರಶ್ನೆ ಬಾರದಿರುತ್ತದೆಯೇ?

ಆ ಪ್ರಶ್ನೆಗೆ ಉತ್ತರ ಅದೇ 1878ರಲ್ಲಿ ಸಿದ್ಧವಾಗಿತ್ತು. ಭಾರತೀಯ ಅರಣ್ಯ ಕಾಯ್ದೆ ಆ ವರ್ಷದ್ದು. ಅದರ ಕ್ರಮವನ್ನು ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವಿಸ್ತರಣೆಯ ಮರ್ಮ ಅದರಲ್ಲಿದೆ. ಮೊದಲು ಸರಕಾರ ಇಂಥ ಪ್ರದೇಶವನ್ನು ಮೀಸಲು ಅರಣ್ಯ ಮಾಡುತ್ತೇವೆಂದು ಗೆಜೆಟ್ಟಿನಲ್ಲಿ ಪ್ರಕಟಿಸುತ್ತದೆ. ಒಬ್ಬ ಸೆಟ್ಲ್‌ಮೆಂಟ್ ಅಧಿಕಾರಿಯನ್ನು ನೇಮಿಸುತ್ತದೆ. ಅವನು ಸುತ್ತಲ ಊರುಗಳಲ್ಲಿ ಡಂಗುರ ಹಾಕಿಸಿ, ಹಕ್ಕುಳ್ಳವರು ಬಂದು ಹೇಳಿಕೊಳ್ಳಿ ಎಂದು ಅವಧಿ ಕೊಡುತ್ತಾನೆ. ಆ ಅವಧಿ ಮೂರು ತಿಂಗಳಿಗಿಂತ ಕಡಿಮೆ ಇರಬಾರದು. ಹೇಳಿಕೊಳ್ಳದೆ ಉಳಿದ ಹಕ್ಕು ಅಲ್ಲಿಗೆ ನಂದಿಹೋಯಿತು. ಮೇಲ್ನೋಟಕ್ಕೆ ಎಷ್ಟು ನ್ಯಾಯವಾಗಿದೆ! ಆದರೆ ಖಾನಾಪುರದ ಕಾಡಿನೊಳಗೆ ಹೆಮ್ಮಡಗಾ, ಆಮಗಾಂವದ ಕಡೆ ಮಳೆಗಾಲವೇ ಮೂರು ತಿಂಗಳಿಗಿಂತ ಹೆಚ್ಚು, ಹಳ್ಳ ತುಂಬಿದರೆ ಆಚೆ ದಡಕ್ಕೆ ದಾಟುವಂತಿಲ್ಲ. ಓದು ಬಾರದ ಕುಣಬಿ, ದನದ ಹಿಂಡಿನ ಹಿಂದೆ ಗೌಳಿವಾಡದಿಂದ ಗೌಳಿವಾಡಕ್ಕೆ ತಿರುಗುವ ಗೌಳಿ, ಖಾನಾಪುರದ ಕಚೇರಿಗೆ ಬಂದು ತನ್ನ ಸೊಪ್ಪಿನ ಬೆಟ್ಟ, ತನ್ನ ಮೇವಿನ ಮಾಳ ಇವುಗಳಿಗೆ ಯಾವ ಕಾಗದ ತೋರಿಸಬೇಕಿತ್ತು? ಅವನ ಬಳಿ ಇದ್ದದ್ದು ವರ್ಷವರ್ಷವೂ ಅಲ್ಲಿಗೆ ಹೋಗಿಬರುವ ರೂಢಿಯೊಂದೇ.

ಕುಮರಿಯ ವಿಷಯದಲ್ಲಿ ಈ ಮಾತು ಇನ್ನೂ ತೀಕ್ಷ್ಣವಾಗುತ್ತದೆ. ಮರ ಸವರಿ, ಒಣಗಿಸಿ, ಸುಟ್ಟು, ಬೂದಿಯ ಮೇಲೆ ರಾಗಿ, ಸಾವೆ ಬಿತ್ತಿ, ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಕಾಡಿಗೆ ಬಿಟ್ಟು ಮುಂದೆ ಹೋಗುವುದು ಕುಮರಿ ಬೇಸಾಯ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಗಳು ಇದನ್ನು ಹಂತಹಂತವಾಗಿ ಹತ್ತಿಕ್ಕಿದರು. ಸರಿಸುಮಾರು ಅದೇ ಕಾಲದಲ್ಲಿ, 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಅಮೆರಿಕದಲ್ಲಿ 160 ಎಕರೆ ಆಯ್ದುಕೊಂಡು ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿದವನಿಗೆ ಆ ನೆಲ ಬಹುತೇಕ ಪುಕ್ಕಟೆ ಸಿಗುತ್ತಿತ್ತು. ಒಟ್ಟಾರೆ 16 ಲಕ್ಷದಷ್ಟು ಜನಕ್ಕೆ ಹೀಗೆ ಸುಮಾರು 27 ಕೋಟಿ ಎಕರೆ ಹೋಯಿತು. ಅಲ್ಲಿ ಮರ ಕಡಿದು ಹೊಲ ಮಾಡಿದ್ದು ಒಡೆತನಕ್ಕೆ ಪುರಾವೆ, ಇಲ್ಲಿ ಮರ ಕಡಿದು ಹೊಲ ಮಾಡಿದ್ದು ಅಪರಾಧಕ್ಕೆ ಪುರಾವೆ. ಕೊಡಲಿ ಅದೇ, ಬೆವರೂ ಅದೇ. ದುಡಿದವನಿಗೆ ನೆಲ ಎಂಬ ತತ್ವ ನಿಜವಾಗಿ ಕೆಲಸ ಮಾಡಿದ್ದರೆ ಎರಡೂ ಕಡೆ ಒಂದೇ ಫಲ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅಲ್ಲಿಯ ಸರಕಾರಕ್ಕೆ ನೆಲ ತುಂಬಿಸುವ ರೈತ ಬೇಕಿದ್ದ, ಇಲ್ಲಿಯ ಸರಕಾರಕ್ಕೆ ಮರ ಬೇಕಿತ್ತು. ಎರಡೂ ಕಡೆ ಹಕ್ಕು ಕಳೆದುಕೊಂಡವನು ಮಾತ್ರ ಮೊದಲಿನಿಂದ ಅಲ್ಲಿದ್ದವನು. ವಿಸ್ತರಣೆಯ ಕಾರಣವನ್ನು ಜನರ ಹಸಿವಿನಲ್ಲೋ ಸಾಹಸದಲ್ಲೋ ಹುಡುಕುವುದಕ್ಕಿಂತ ಬೊಕ್ಕಸ ಮತ್ತು ಪೇಟೆಯ ಬೇಡಿಕೆಯಲ್ಲಿ ಹುಡುಕಬೇಕು ಎಂದು ನಾನು ಹೇಳುವುದು ಇದರಿಂದಲೇ.

ಅರಣ್ಯ ಇಲಾಖೆ ಬೆಳಗಾವಿಯ ಬದುಕಿನಲ್ಲಿ ಎಷ್ಟು ಬೇಗ ಬೇರುಬಿಟ್ಟಿತ್ತೆಂಬುದಕ್ಕೆ ಒಂದು ಸಾಕ್ಷಿ ಯಾರೂ ಎಣಿಸದ ಕಡೆಯಿಂದ ಸಿಗುತ್ತದೆ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಮೊದಲು ರಿಸಾಲದಾರ ಗಲ್ಲಿಯ ಭಾಟೆಯವರ ಮನೆಯಲ್ಲಿ, ಆಮೇಲೆ ಹರಿಪದ ಮಿತ್ರರ ಮನೆಯಲ್ಲಿ ಉಳಿದರು. ಹರಿಪದ ಮಿತ್ರರು ಬಂಗಾಳದಿಂದ ಬಂದಿದ್ದ ಅರಣ್ಯಾಧಿಕಾರಿ. ಅವರಿದ್ದ ಮನೆ ಈಗ ಕೋಟೆಯ ಒಳಗಿನ ರಾಮಕೃಷ್ಣ ಆಶ್ರಮದ ಭಾಗ. ಸ್ವಾಮೀಜಿಯ ಮಾತುಕತೆಗಳನ್ನು ಮಿತ್ರರು ಬರೆದಿಟ್ಟದ್ದರಿಂದ ನಮಗೆ ಉಪಕಾರವಾಗಿದೆ. ಇಲಾಖೆಯಲ್ಲಿ ಸಜ್ಜನರು, ಓದಿದವರು, ಕಾಡನ್ನು ಪ್ರೀತಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. ವ್ಯಕ್ತಿಗಳ ಒಳ್ಳೆಯತನದಿಂದ ಕಾಯ್ದೆಯ ಸ್ವಭಾವ ಬದಲಾಗಲಿಲ್ಲ ಎಂಬುದಷ್ಟೇ ನನ್ನ ಮಾತು.

ಈ ಹೋಲಿಕೆಯನ್ನು ಎಳೆಯುತ್ತ ಹೋದರೆ ಅದು ಹರಿಯುವ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ ಹೊರಗಿನಿಂದ ಲಕ್ಷಗಟ್ಟಲೆ ಜನ ಬಂದು ನೆಲೆಸಿದರು. ಮೂಲನಿವಾಸಿಗಳು ತಮ್ಮದೇ ನೆಲದಲ್ಲಿ ಬೆರಳೆಣಿಕೆಯವರಾದರು. ಸಿಡುಬು ಅರ್ಧ ಕೆಲಸ ಮಾಡಿತು, ಕಾಡೆಮ್ಮೆಯ ನಾಶ ಬಯಲಿನ ಜನರ ಅನ್ನವನ್ನೇ ಕಿತ್ತಿತು, 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀಯಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದರು. ಖಾನಾಪುರದಲ್ಲಿ ಅಂಥದ್ದು ನಡೆಯಲಿಲ್ಲ. ಇಂಗ್ಲಿಷರು ಇಲ್ಲಿ ಹೊಲ ಉಳಲು ಬರಲಿಲ್ಲ. ಮರಾಠಿ, ಕನ್ನಡ, ಕೊಂಕಣಿ ಆಡುವ ಜನ ತಮ್ಮ ದೇವರು, ಜಾತ್ರೆ, ಊರುಗಳೊಂದಿಗೆ ಉಳಿದರು. 1947ರಲ್ಲಿ ಆಳುವವರು ಹೊರಟೂಹೋದರು. ಇಷ್ಟು ದೊಡ್ಡ ಅಂತರವಿರುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಲ್ಲಿ ಸತ್ತವರಿಗೆ ಅನ್ಯಾಯ. ನಾನು ತೂಗುತ್ತಿರುವುದು ನೋವನ್ನಲ್ಲ, ಕ್ರಮವನ್ನು. ಮತ್ತು ಆ ಕ್ರಮದ ಬಗ್ಗೆ ಈ ಅಂತರ ಇನ್ನೊಂದು ಸತ್ಯವನ್ನೂ ತೋರಿಸುತ್ತದೆ. ಅಮೆರಿಕದ ಕಾಯ್ದೆಗಳನ್ನು ಬರೆದವರು ಅಲ್ಲೇ ಉಳಿದರು, ಹಾಗಾಗಿ ಅವು ಮುಂದುವರಿದದ್ದು ಆಶ್ಚರ್ಯವಲ್ಲ. ಇಲ್ಲಿ ಬರೆದವರು ಹೋದರು, ಆದರೂ ಕಾಯ್ದೆ ಉಳಿಯಿತು. 1878ರದು 1927ರ ಕಾಯ್ದೆಯಾಯಿತು, 1963ರಲ್ಲಿ ನಮ್ಮದೇ ರಾಜ್ಯದ ಅರಣ್ಯ ಕಾಯ್ದೆಯಾಯಿತು. ಗೆಜೆಟ್ ಪ್ರಕಟಣೆ, ಸೆಟ್ಲ್‌ಮೆಂಟ್ ಅಧಿಕಾರಿ, ಅವಧಿಯೊಳಗೆ ಹೇಳದ ಹಕ್ಕು ನಂದುವುದು, ಎಲ್ಲವೂ ಹೆಚ್ಚುಕಡಿಮೆ ಹಾಗೆಯೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಮೀಸಲು ಮಾಡಿದ್ದರಿಂದಲೇ ಅಲ್ಲವೇ ಇವತ್ತು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡು ಉಳಿದಿರುವುದು? ಕುಮರಿಗೂ ಕೊಡಲಿಗೂ ಬಿಟ್ಟಿದ್ದರೆ ಇಲ್ಲಿಯೂ ಬಯಲೇ ಇರುತ್ತಿತ್ತಲ್ಲ? 2011ರ ಡಿಸೆಂಬರಿನಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಕಂಡವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಮಹದಾಯಿ ನದಿ ಹುಟ್ಟುವುದು ಇಲ್ಲೇ. ಜಗತ್ತಿನಲ್ಲಿ ಕೆಲವೇ ಕಡೆ ಕಾಣಸಿಕ್ಕಿರುವ ರೌಟನ್ ಬಾವಲಿ ಇಲ್ಲಿಯ ಬಾರಾಪೇಡೆ ಗುಹೆಯಲ್ಲಿದೆ. ಈ ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೀಸಲು ಅರಣ್ಯದ ಮೊದಲ ನೂರು ವರ್ಷ ಕಡಿಯುವುದಕ್ಕಾಗಿಯೇ ಮೀಸಲು. ನೆರೆಯ ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಾಗ ಉತ್ತರ ಕನ್ನಡದ ಬಿದಿರು ಅದರ ಆಹಾರವಾಯಿತು. ಹಳ್ಳಿಯವನಿಗೆ ಕಡಿಯಬೇಡ ಎಂದ ಕಾಯ್ದೆ ಗುತ್ತಿಗೆದಾರನಿಗೆ ಬೇಡ ಎನ್ನಲಿಲ್ಲ. ಕಾಡು ಎಲ್ಲಿ ಉಳಿಯಿತೋ ಅಲ್ಲಿ ಕಡಿದಾದ ಕಣಿವೆ, ಎಡೆಬಿಡದ ಮಳೆ, ರಸ್ತೆಯಿಲ್ಲದಿರುವುದು, ಮತ್ತು ಅಲ್ಲಿಯ ಜನರ ಕಡಿಮೆ ಬೇಡಿಕೆ ಇವೂ ಕಾವಲು ಕಾದಿವೆ. ಜನ ಇದ್ದದ್ದರಿಂದ ಕಾಡು ಹೋಗುತ್ತದೆ ಎಂಬುದು ನಿಯಮವಾಗಿದ್ದರೆ ಗವಾಳಿ, ಪಾಸ್ತೋಲಿ, ಕೊಂಗಳಾದಂಥ ಹಳ್ಳಿಗಳು ಇರುವ ಈ ಕಾಡು ವನ್ಯಜೀವಿಧಾಮದ ಯೋಗ್ಯತೆಯನ್ನೇ ಪಡೆಯುತ್ತಿರಲಿಲ್ಲ. ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡು ಎಂಬ ಕಲ್ಪನೆಗೂ ಅಮೆರಿಕದ ಪಶ್ಚಿಮವೇ ತವರು. 1872ರಲ್ಲಿ ಯೆಲ್ಲೋಸ್ಟೋನನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಶೋಶೋನಿ ಮುಂತಾದವರು ಅಲ್ಲಿ ಬೇಟೆಯಾಡುತ್ತ, ವಾಸಿಸುತ್ತ ಇದ್ದರು. ಅವರನ್ನು ಹೊರಗಿಟ್ಟ ಮೇಲೆ ಅದು ಆದಿಮ ಪ್ರಕೃತಿ ಎನಿಸಿಕೊಂಡಿತು.

ಭೀಮಗಡದ ಊರುಗಳ ಇಂದಿನ ಸ್ಥಿತಿ ಇದಕ್ಕೆ ಹೊಂದಿಕೊಂಡೇ ಇದೆ. ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ಬಿದಿರಿಗೆ ಕಂಬಳಿ ಕಟ್ಟಿದ ಡೋಲಿಯಲ್ಲಿ ಹೊತ್ತು ಕಾಡು ದಾಟಿಸಿ ರಸ್ತೆಗೆ ತರಬೇಕು. ಸೇತುವೆ, ರಸ್ತೆ, ವಿದ್ಯುತ್ತು ಕೇಳಿದರೆ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. 2024ರ ಕೊನೆಯಲ್ಲಿ ಸರಕಾರ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಕೊಡುವ ಮಾತು ಮುಂದಿಟ್ಟಿತು. ಮರುವರ್ಷ ತಳೇವಾಡಿಯ ಕುಟುಂಬಗಳಿಗೆ ಮೊದಲ ಕಂತಿನ ಚೆಕ್ಕುಗಳು ತಲುಪಿದವು. ಬಂದೂಕಿನ ಬಲವಿಲ್ಲ, ಸುತ್ತ ಸೈನಿಕರಿಲ್ಲ, ಹೊರಡುವವರಲ್ಲಿ ಅನೇಕರು ತಾವೇ ಒಪ್ಪಿದ್ದಾರೆ. ಅವರ ಮಕ್ಕಳು ಬೆಳಗಾವಿಯಲ್ಲೋ ಗೋವೆಯಲ್ಲೋ ದುಡಿಯುತ್ತಿದ್ದಾರೆ, ಶಾಲೆ ಆಸ್ಪತ್ರೆ ಬೇಕೆನ್ನುವ ಆಸೆ ಯಾರಿಗಿಲ್ಲ? ಆ ಒಪ್ಪಿಗೆಯನ್ನು ಹೊರಗಿನಿಂದ ಬಂದ ನಾವು ಅಳೆಯುವುದು ತಪ್ಪು. ಆದರೆ ನೂರಾರು ವರ್ಷ ಇದ್ದ ಊರಿಗೆ ರಸ್ತೆ ಕೊಡದೆ ಇಟ್ಟು, ಕಷ್ಟ ತಾಳದಾದಾಗ ಹೊರಡಲು ಹಣ ಕೊಡುವುದನ್ನು ಸ್ವಂತ ಆಯ್ಕೆ ಎಂದು ಬರೆದುಕೊಳ್ಳುವಾಗ ಕೈ ಸ್ವಲ್ಪ ತಡೆಯಬೇಕು.

ಇತ್ತ ಪಡುವಣದ ಮೇಲಿನ ಕಣ್ಣು ಮರದಿಂದ ನೀರಿಗೆ ಹೊರಳಿದೆ. ಜಾಂಬೋಟಿ ದಾಟಿ ಚೋರ್ಲಾ ಘಟ್ಟದತ್ತ ಹೋಗುವ ರಸ್ತೆಯಲ್ಲಿ ಕಣಕುಂಬಿಯ ಬಳಿ ಕಳಸಾ ಕಾಲುವೆಯ ಕಾಮಗಾರಿ ಕಾಣುತ್ತದೆ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಕಳಸಾ–ಬಂಡೂರಿ ಯೋಜನೆಯ ಮೂಲಕ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು 3.9 ಟಿಎಂಸಿ. ನರಗುಂದ, ನವಲಗುಂದದ ರೈತರ ವರ್ಷಗಟ್ಟಲೆ ಹೋರಾಟವನ್ನು, ಹುಬ್ಬಳ್ಳಿ–ಧಾರವಾಡದ ನಲ್ಲಿಗಳ ಒಣ ದಿನಗಳನ್ನು ಬಲ್ಲ ಯಾರೂ ಈ ನೀರಿನ ಅಗತ್ಯವನ್ನು ಅಲ್ಲಗಳೆಯಲಾರರು. ನಾನೂ ಅಲ್ಲಗಳೆಯುವುದಿಲ್ಲ. ಗೋವೆ ಕೇಳುತ್ತದೆ, ಬಯಲುಸೀಮೆ ಕೇಳುತ್ತದೆ. ಎರಡರ ನಡುವಿನ ಕಣಕುಂಬಿಯ ಜನರನ್ನು ಕೇಳಿದ ದಾಖಲೆ ಮಾತ್ರ ತೆಳ್ಳಗಿದೆ.

ಆಗಿಹೋದದ್ದಕ್ಕೆ ಈಗ ಮಾಡುವುದೇನು ಎಂದು ಕೈಚೆಲ್ಲುವವರಿಗೆ ಓಕ್ಲಹೋಮಾದ ಕಡೆ ಬೊಟ್ಟು ಮಾಡಬಹುದು. ಹಾರ್ಸ್‌ಶೂ ಬೆಂಡಿನಲ್ಲಿ ಸೋತು, ಆಮೇಲೆ ಮಿಸಿಸಿಪಿಯ ಆಚೆಗೆ ತಳ್ಳಿಸಿಕೊಂಡ ಅದೇ ಕ್ರೀಕ್ ಜನರ ಮೀಸಲು ಪ್ರದೇಶವನ್ನು ಸಂಸತ್ತು ಎಂದೂ ಕಾನೂನುಬದ್ಧವಾಗಿ ರದ್ದು ಮಾಡಿರಲಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 2020ರ ಜುಲೈನಲ್ಲಿ ತೀರ್ಪಿತ್ತಿತು. ಆಧಾರ, ಹತ್ತೊಂಬತ್ತನೇ ಶತಮಾನದ ಒಪ್ಪಂದಪತ್ರಗಳು. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಇಂಥದೇ ಒಂದು ಬಾಗಿಲನ್ನು ತೆರೆದಿದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ಖಾನಾಪುರದ ಕಾಡಿನ ಊರುಗಳಲ್ಲಿ ಬಹುಮಂದಿಗೆ ತೊಡಕಾಗಿರುವುದು ಇದೇ. ಆದರೆ ಅದೇ ಕಾಯ್ದೆಯ ನಿಯಮಗಳು ಪುರಾವೆಯಾಗಿ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಜಾಗ ಇವುಗಳ ಜೊತೆಗೆ ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿಗಳು, ಅರಣ್ಯ ಇಲಾಖೆಯ ಕಾರ್ಯಯೋಜನೆಗಳು, ಗೆಜೆಟಿಯರುಗಳೂ ಇವೆ. ಬೆಳಗಾವಿ ಜಿಲ್ಲೆಯ ಜನ, ಬೇಸಾಯ, ಅರಣ್ಯಗಳ ವಿವರವನ್ನು ದಾಖಲಿಸಿದ ಮುಂಬಯಿ ಗೆಜೆಟಿಯರಿನ ಸಂಪುಟ ಅಚ್ಚಾದದ್ದು 1884ರಲ್ಲಿ. ಆಳುವ ಅನುಕೂಲಕ್ಕೆಂದು ಬರೆಸಿದ ಆ ಪುಸ್ತಕವನ್ನು, ಮೀಸಲು ಅರಣ್ಯದ ಹಳೆಯ ಸೆಟ್ಲ್‌ಮೆಂಟ್ ಕಡತಗಳನ್ನು, ಪ್ರತಿ ತೆಗೆಸಿ ಆಮಗಾಂವ, ಗವಾಳಿ, ಕೊಂಗಳಾದ ಗ್ರಾಮಸಭೆಗಳ ಕೈಗೆ ಕೊಡುವ ಕೆಲಸ ಬೆಳಗಾವಿಯ ಜಿಲ್ಲಾಡಳಿತಕ್ಕೂ ವಕೀಲರಿಗೂ ಇತಿಹಾಸದ ವಿದ್ಯಾರ್ಥಿಗಳಿಗೂ ಕೈಲಾಗದ್ದೇನಲ್ಲ, ಮುಂದಿನ ಕಂತಿನ ಚೆಕ್ಕು ಬರೆಯುವ ಮೊದಲೇ ಅದು ಆಗಬೇಕು.